ಭರಣಿಯ ಹುಳಿಯೂ ಮುಂಬಯಿಯ ಚಳಿಯೂ

ಮುಂಬಯಿಯಲ್ಲಿ ಚಳಿಗಾಲವೆಂಬುದೂ ಉಂಟೆ ಎಂದು ಊರಿನಿಂದ ಬಂದ ನೆಂಟರು ನಗುವುದುಂಟು. ದಿಲ್ಲಿಯಿಂದ ವರ್ಗವಾಗಿ ಬಂದ ಸಹೋದ್ಯೋಗಿಗಳಂತೂ ನಮ್ಮ ಸ್ವೆಟರುಗಳನ್ನು ಕಂಡು ಬಾಯಿಗೆ ಕೈ ಹಿಡಿಯುತ್ತಾರೆ. ಅವರು ನಗಲಿ. ಡಿಸೆಂಬರ್ ಕೊನೆಯಲ್ಲಿ, ಬೆಳಕು ಹರಿಯುವ ಮುನ್ನ ಆಂಟಾಪ್ ಹಿಲ್ಲಿನಿಂದ ಗುರು ತೇಗ್ ಬಹಾದುರ್ ನಗರದ ರೈಲು ನಿಲ್ದಾಣಕ್ಕೆ ನಡೆದು ಹೋಗುವವರಿಗೆ ಈ ಊರಿನ ಚಳಿ ಏನೆಂಬುದು ಗೊತ್ತು. ವರ್ಷದಲ್ಲಿ ಆರೇಳು ವಾರಗಳ ಚಳಿ ಅದು. ಆದರೆ ಎಂಬತ್ತರ ಹತ್ತಿರದ ಮೂಳೆಗಳಿಗೆ ಅಷ್ಟೇ ಸಾಕು. ನಾನು ಬರೆಯಹೊರಟಿರುವುದು ಆ ಆರೇಳು ವಾರಗಳ ಊಟದ ವಿಷಯ. ಅದರ ನೆಪದಲ್ಲಿ ನಮ್ಮ ಮನೆಗಳಿಂದ ಹೊರಬೀಳುತ್ತಿರುವ ಉಪ್ಪಿನ ಭರಣಿಯ ವಿಷಯ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆಯವರಿಗೆ ಉಪ್ಪುಸೊಳೆಯನ್ನು ಪರಿಚಯಿಸಬೇಕಾಗಿಲ್ಲ. ತುಳುವಿನಲ್ಲಿ ಅದು ಉಪ್ಪಡ್ ಪಚ್ಚಿಲ್. ಬಲಿತ, ಆದರೆ ಇನ್ನೂ ಹಣ್ಣಾಗದ ಹಲಸಿನಕಾಯಿಯ ಸೊಳೆಗಳನ್ನು ಬಿಡಿಸಿ, ಬೇಳೆ ತೆಗೆದು, ಮಣ್ಣಿನ ಮಂಡಗೆಯಲ್ಲಿ ಒಂದು ಪದರ ಸೊಳೆ, ಒಂದು ಹಿಡಿ ಉಪ್ಪು ಎಂಬಂತೆ ತುಂಬಿ, ಮೇಲೆ ಕಲ್ಲಿನ ಭಾರವಿಟ್ಟು ಬಾಯಿ ಕಟ್ಟುತ್ತಿದ್ದರು. ಮಳೆಗೆ ಮೊದಲು ಕಟ್ಟಿದ ಮಂಡಗೆಯನ್ನು ಆಟಿ ತಿಂಗಳಲ್ಲಿ, ಹಿತ್ತಲಿನಲ್ಲಿ ಒಂದು ಬೆಂಡೆಕಾಯಿಯೂ ಸಿಗದ ಕಾಲದಲ್ಲಿ ಬಿಚ್ಚುತ್ತಿದ್ದರು. ಸೊಳೆಯನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಹಾಕಿ, ಹಿಂಡಿ, ತೆಂಗಿನಕಾಯಿ ಮೆಣಸು ಅರೆದು ಹಾಕಿದರೆ ಅದೇ ಪಲ್ಯ, ಅದೇ ಬೆಂದಿ, ಅಕ್ಕಿಯ ಜೊತೆ ರುಬ್ಬಿದರೆ ಅದೇ ರೊಟ್ಟಿ. ಹೊರಗೆ ಮುಸಲಧಾರೆ ಸುರಿಯುತ್ತಿರುವಾಗ ಕುಚ್ಚಲಕ್ಕಿಯ ಗಂಜಿಯೊಂದಿಗೆ ಉಂಡವರಿಗೆ ಅದರ ಹುಳಿಗಂಪು ಮರೆಯುವಂಥದಲ್ಲ. ಮಲೆನಾಡಿನವರ ಕಳಲೆ, ಉಪ್ಪುನೀರಿನ ಮಾವಿನಕಾಯಿ, ಬಯಲುಸೀಮೆಯವರ ಹುಳಿ ಅಂಬಲಿ, ಇವೆಲ್ಲ ಹತ್ತಿರದ ಬಂಧುಗಳೇ.

ನಮ್ಮ ಮನೆಯಲ್ಲಿಯೂ ಅಂಥದೊಂದು ಭರಣಿಯಿತ್ತು. ಪ್ರತಿ ಜೂನ್ ತಿಂಗಳಲ್ಲಿ ಪುತ್ತೂರಿನ ಕಡೆಯಿಂದ ಯಾರಾದರೂ ಬರುವಾಗ ಅದರೊಳಗಿನ ಸಂಪತ್ತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸ್ಸು ಹತ್ತಿ ಬರುತ್ತಿತ್ತು. ಮೂರು ವರ್ಷಗಳ ಹಿಂದೆ ಅಮ್ಮನಿಗೆ ರಕ್ತದೊತ್ತಡವೆಂದು ತಿಳಿಯಿತು. ಡಾಕ್ಟರರು ಔಷಧ ಬರೆದು, ಉಪ್ಪು ಕಡಿಮೆ ಮಾಡಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಮಾಡಿದವರು ಮನೆಗೆ ಬಂದ ನಾವು. ಮೊದಲ ದಿನವೇ ಭರಣಿಯನ್ನು ಖಾಲಿ ಮಾಡಿ ತೊಳೆದು ಮೇಲಟ್ಟಕ್ಕೆ ಏರಿಸಿದೆವು. ಅಮ್ಮನ ಸಾರಿಗೆ ಉಪ್ಪನ್ನೇ ನಿಲ್ಲಿಸಿದೆವು. ಆದರೆ ಫರ್ಸಾಣದ ಡಬ್ಬ ಮಾತ್ರ ತನ್ನ ಜಾಗದಲ್ಲಿಯೇ ಇತ್ತು. ವೇಫರು, ಖಾರಿ ಬಿಸ್ಕತ್ತು, ಹಪ್ಪಳ, ಎರಡು ನಿಮಿಷದ ನೂಡಲ್ಸ್, ಯಾವುದಕ್ಕೂ ನಿಷೇಧವಿಲ್ಲ! ಸಂಜೆ ಚಹದೊಂದಿಗೆ ಒಂದು ಹಿಡಿ ಶೇವನ್ನು ಮೊಮ್ಮಕ್ಕಳು ಅಜ್ಜಿಗೂ ಕೊಡುತ್ತಿದ್ದರು. ಉಪ್ಪು ಎಂದರೆ ಅಡುಗೆಮನೆಯ ಬಿಳಿ ಹರಳು ಮಾತ್ರ ಎಂದು ತಿಳಿದ ವಿದ್ಯಾವಂತರು ನಾವು.

ಪರಿಣಾಮವೇನು? ಅಮ್ಮ ಉಣ್ಣುವುದನ್ನೇ ಕಡಿಮೆ ಮಾಡಿದರು. "ಇದು ಊಟವಲ್ಲ ಮಗಾ, ಔಷಧ," ಎಂದು ಅರ್ಧ ತಟ್ಟೆಯಲ್ಲಿಯೇ ಕೈ ತೊಳೆಯುತ್ತಿದ್ದರು. ಆರು ತಿಂಗಳಲ್ಲಿ ನಾಲ್ಕು ಕಿಲೋ ತೂಕ ಇಳಿಯಿತು. ಮುಂದಿನ ಸಲ ಅದನ್ನು ಕಂಡ ಡಾಕ್ಟರರೇ ಗಾಬರಿಯಾದರು. ವಯಸ್ಸಾದವರ ಬಾಯಿಯ ರುಚಿಯನ್ನು ಒಮ್ಮೆಗೇ ಕಿತ್ತುಕೊಂಡರೆ ಹಸಿವೂ ಅದರ ಹಿಂದೆಯೇ ಹೊರಟುಹೋಗುತ್ತದೆ. ಉಪ್ಪು ಕಡಿಮೆಯಾದಲ್ಲಿ ಹುಳಿ, ಮೆಣಸು, ಶುಂಠಿ, ಬೆಳ್ಳುಳ್ಳಿಗಳಿಂದ ಬಾಯಿಗೆ ಏನಾದರೂ ಕೊಡಬೇಕು ಎಂದು ಅವರು ತಿಳಿಸಿ ಹೇಳಿದರು.

ಆ ಹುಳಿ ನಮಗೆ ಸಿಕ್ಕಿದ್ದು ಪೋಲೆಂಡಿನಿಂದ ಎಂದರೆ ಓದುಗರು ಹುಬ್ಬೇರಿಸಬಹುದು. ನನ್ನ ಸೋದರಮಾವನ ಮಗ ಹಡಗಿನಲ್ಲಿ ದುಡಿದವನು. ಒಂದು ಜನವರಿಯಲ್ಲಿ ಅವನ ಹಡಗು ಬಾಲ್ಟಿಕ್ ಸಮುದ್ರದ ಗ್ದಿನಿಯಾ ಬಂದರಿನಲ್ಲಿ ನಿಂತಿತ್ತಂತೆ. ದಂಡೆಯ ಮೇಲಿನ ಒಂದು ಸಣ್ಣ ಊಟದ ಮನೆಯಲ್ಲಿ ಬಿಸಿ ಬಟ್ಟಲೊಂದನ್ನು ಮುಂದಿಟ್ಟರು. ಮೊದಲ ಚಮಚೆಗೇ, "ಭಾವಾ, ನಮ್ಮ ಉಪ್ಪುಸೊಳೆಯ ನೀರೇ ಸರಿ," ಎನಿಸಿತು ಅವನಿಗೆ. ಅದರ ಹೆಸರು ಕಪುಶ್ನ್ಯಾಕ್. ಪೋಲಿಷ್ ಭಾಷೆಯಲ್ಲಿ ಕಪುಸ್ತಾ ಎಂದರೆ ಎಲೆಕೋಸು. ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ತಿಕ್ಕಿ, ಪೀಪಾಯಿಯಲ್ಲಿ ಒತ್ತಿ ಹುಳಿ ಬರಿಸಿ, ಹಿಮ ಬೀಳುವ ತಿಂಗಳುಗಳಲ್ಲಿ ಅದನ್ನು ಆಲೂಗಡ್ಡೆ, ಗಜ್ಜರಿ, ಒಣ ಅಣಬೆ, ಕಾಳುಮೆಣಸು ಮತ್ತು ಹೊಗೆಯಾಡಿಸಿದ ಹಂದಿಮಾಂಸದೊಂದಿಗೆ ಕುದಿಸುತ್ತಾರೆ. ನಮಗೆ ಆಟಿಯ ಮಳೆ ಹೇಗೋ ಅವರಿಗೆ ಹಿಮ ಹಾಗೆ. ತರಕಾರಿಯಿಲ್ಲದ ಕಾಲವನ್ನು ದಾಟಲು ಇಬ್ಬರ ಅಜ್ಜಿಯರೂ ಹಿಡಿದದ್ದು ಒಂದೇ ದಾರಿ.

ಈ ಪೋಲೆಂಡಿನವರು ನಮಗೆ ಅಷ್ಟು ದೂರದವರೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡು, ಸೋವಿಯತ್ ದೇಶದ ಗಡೀಪಾರಿನಿಂದ ಬಿಡುಗಡೆಗೊಂಡು ಇರಾನಿನ ಮೂಲಕ ಬಂದ ಸುಮಾರು 5,000 ಮಂದಿ ಪೋಲಿಷ್ ನಿರಾಶ್ರಿತರು, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ಕೊಲ್ಹಾಪುರದ ಬಳಿಯ ವಳಿವಡೆಯ ಶಿಬಿರದಲ್ಲಿ ಬಾಳಿದರು. ನಮ್ಮ ಬೆಳಗಾವಿಯಿಂದ ಅದೆಷ್ಟು ದೂರ! ಶಾಲೆ, ಚರ್ಚು, ಆಸ್ಪತ್ರೆ ಎಲ್ಲವನ್ನೂ ಕಟ್ಟಿಕೊಂಡು ಒಂದು ಪುಟ್ಟ ಪೋಲೆಂಡನ್ನೇ ಅಲ್ಲಿ ನಡೆಸಿದ್ದರು. ಪರಸ್ಥಳದಲ್ಲಿ ಸಂಘ ಕಟ್ಟಿ, ಹಬ್ಬ ಆಚರಿಸಿ, ಸಂಚಿಕೆ ಹೊರತರುವ ನಮಗೆ ಅವರ ಪಾಡು ಅರ್ಥವಾಗದೆ ಇರಲಾರದು.

ಇನ್ನು ವಿಜ್ಞಾನದ ಮಾತು. ಕೋಸಿಗೆ ಅದರ ತೂಕದ ನೂರಕ್ಕೆ ಎರಡು ಪಾಲು ಉಪ್ಪು ಹಾಕಿದಾಗ ಕೋಸಿನ ನೀರು ಹೊರಬರುತ್ತದೆ. ಆ ನೀರಿನೊಳಗೆ, ಗಾಳಿಯ ಸಂಪರ್ಕವಿಲ್ಲದೆ, ಎಲೆಯ ಮೇಲೆಯೇ ಇದ್ದ ಸೂಕ್ಷ್ಮಾಣುಜೀವಿಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೊಸರನ್ನು ಹುಳಿಯಾಗಿಸುವುದೂ ಅದೇ ಆಮ್ಲ. ಉಪ್ಪು ಮತ್ತು ಹುಳಿ ಸೇರಿ ಕೊಳೆಸುವ ಕ್ರಿಮಿಗಳನ್ನು ದೂರವಿಡುತ್ತವೆ. ಹೀಗೆ ಹುಳಿಬಂದ ಕೋಸಿನಲ್ಲಿ ಜೀವಸತ್ವ 'ಸಿ' ಒಂದಿಷ್ಟು ಉಳಿದುಕೊಳ್ಳುತ್ತದೆ. 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟ ಕ್ಯಾಪ್ಟನ್ ಕುಕ್ ಇಂಥ ಕೋಸನ್ನು ಪೀಪಾಯಿಗಟ್ಟಲೆ ಒಯ್ದಿದ್ದನು. ನಾವಿಕರು ಮೊದಲು ಮುಟ್ಟಲಿಲ್ಲ. ಅವನು ಬಲಾತ್ಕರಿಸದೆ, ಅಧಿಕಾರಿಗಳ ಮೇಜಿಗೆ ಮಾತ್ರ ದಿನವೂ ಬಡಿಸುವಂತೆ ಮಾಡಿ, ಉಳಿದವರು ಬೇಕಾದರೆ ತಿನ್ನಲಿ ಎಂದನು. ದೊಡ್ಡವರು ತಿನ್ನುವುದನ್ನು ಕಂಡದ್ದೇ ತಡ, ಎಲ್ಲರೂ ಕೇಳತೊಡಗಿದರು. ಮಕ್ಕಳು ಊರಿನ ಅಡುಗೆ ತಿನ್ನುವುದಿಲ್ಲವೆಂದು ಗೋಳಾಡುವ ತಾಯಂದಿರು ಈ ಉಪಾಯವನ್ನು ಗಮನಿಸಬಹುದು.

ಅಷ್ಟು ದೂರವೂ ಹೋಗಬೇಕಾಗಿಲ್ಲ. ದೇಶವಿಭಜನೆಯ ಬಳಿಕ ನಮ್ಮ ನೆರೆಯ ಸಾಯನ್ ಕೋಳಿವಾಡದಲ್ಲಿ ನೆಲೆಸಿದ ಪಂಜಾಬಿಗಳ ಮನೆಗಳಲ್ಲಿ ಚಳಿಗಾಲದ ಕಾಂಜಿ ಉಂಟು. ಗಜ್ಜರಿ ತುಂಡುಗಳನ್ನು ನೀರು, ಉಪ್ಪು, ಸಾಸಿವೆಪುಡಿಯೊಂದಿಗೆ ಭರಣಿಯಲ್ಲಿ ತುಂಬಿ ಬಿಸಿಲಿಗಿಟ್ಟು ಹುಳಿ ಬರಿಸಿ ಕುಡಿಯುತ್ತಾರೆ. ನಾವೋ, ಉಪ್ಪಿನ ಗದ್ದೆಗಳ ವಡಾಲಾದ ಪಕ್ಕದಲ್ಲಿ, ಸಾಲ್ಟ್ ಪ್ಯಾನ್ ರಸ್ತೆ ಎಂಬ ಹೆಸರೇ ಉಳಿದಿರುವ ಕಡೆ ವಾಸಿಸುತ್ತ ಭರಣಿಯನ್ನು ಅಟ್ಟಕ್ಕೇರಿಸಿದವರು.

ನನ್ನ ಅಭಿಪ್ರಾಯ ಇಷ್ಟು: ಭರಣಿಯನ್ನು ಕೆಳಗಿಳಿಸಬೇಕು. ಆದರೆ ಅಜ್ಜಿಯ ಕೈಯಳತೆಯಲ್ಲಿ ಅಲ್ಲ, ತಕ್ಕಡಿಯ ಅಳತೆಯಲ್ಲಿ. ಆಟಿಗೆಂದು ತಿಂಗಳುಗಟ್ಟಲೆ ಇಡುವ ಸೊಳೆಗೆ ಉಪ್ಪು ಹೇರಳವಾಗಿ ಬೇಕು. ಒಂದೆರಡು ವಾರಗಳಲ್ಲಿ ಮುಗಿಸುವ ಕೋಸಿಗೆ ಅಷ್ಟು ಬೇಡ. ಹಲಸಿನಕಾಯಿ ಮಾಟುಂಗದ ಮಾರುಕಟ್ಟೆಯಲ್ಲಿ ಬೇಸಗೆಯಲ್ಲಿ ಸಿಕ್ಕೀತು. ಅದನ್ನು ಬಿಡಿಸಿ ಹರಡಲು ನಮ್ಮ ಎರಡು ಕೋಣೆಗಳ ವಸತಿಗೃಹದಲ್ಲಿ ಜಾಗವೆಲ್ಲಿ? ಕೋಸಾದರೆ ಮನೆಬಾಗಿಲ ಗಾಡಿಯಲ್ಲಿಯೇ ಬರುತ್ತದೆ, ಚಳಿಗಾಲದಲ್ಲಂತೂ ಅಗ್ಗವಾಗಿ. ಹೆಚ್ಚಿನ ಸೆಕೆಯಲ್ಲಿ ಕೋಸು ಬೇಗನೆ ಮೆತ್ತಗಾಗಿ ಕೆಡುವುದರಿಂದ ಮುಂಬಯಿಯಲ್ಲಿ ಡಿಸೆಂಬರ್ ಮತ್ತು ಜನವರಿಯೇ ಇದಕ್ಕೆ ಸುಮುಹೂರ್ತ.

ಒಂದು ಕಿಲೋ ಕೋಸನ್ನು ಸಣ್ಣಗೆ ಹೆಚ್ಚಿ, 20 ಗ್ರಾಮ್ ಉಪ್ಪನ್ನು ತೂಗಿ ಹಾಕಿ, ನೀರೊಡೆಯುವವರೆಗೆ ಹತ್ತು ನಿಮಿಷ ಕೈಯಿಂದ ತಿಕ್ಕಬೇಕು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಜಾಡಿಗೆ ಒತ್ತಿ ತುಂಬಿ, ಮೇಲೊಂದು ಇಡೀ ಎಲೆ ಹಾಸಿ, ನೀರು ತುಂಬಿದ ಸಣ್ಣ ಲೋಟವನ್ನು ಭಾರವಾಗಿ ಇಡಿ. ಕೋಸು ತನ್ನ ನೀರಿನೊಳಗೆ ಮುಳುಗಿಯೇ ಇರಬೇಕು. ಮುಚ್ಚಳವನ್ನು ಬಿಗಿಯಬಾರದು, ಒಳಗೆ ವಾಯು ಹುಟ್ಟುತ್ತದೆ. ಐದರಿಂದ ಏಳು ದಿನಗಳಲ್ಲಿ ಹಿತವಾದ ಹುಳಿ ಬರುತ್ತದೆ; ಆಮೇಲೆ ಫ್ರಿಜ್ಜಿನಲ್ಲಿಡಿ. ಮೇಲೆ ತೆಳ್ಳಗಿನ ಬಿಳಿ ಕೆನೆ ಕಟ್ಟಿದರೆ ತೆಗೆದುಹಾಕಬಹುದು. ಲೋಳೆಯಾದರೆ, ಬಣ್ಣದ ಬೂಷ್ಟು ಬಂದರೆ, ಕೊಳೆತ ವಾಸನೆ ಬಂದರೆ ಇಡೀ ಜಾಡಿಯನ್ನು ಚೆಲ್ಲಿ. ನನ್ನ ಮೊದಲ ಜಾಡಿ ಹಾಗೆಯೇ ಹೋಯಿತು. ರಕ್ತದೊತ್ತಡದ ಭಯದಿಂದ ಅರ್ಧದಷ್ಟು ಉಪ್ಪು ಹಾಕಿ ಜಾಣತನ ತೋರಿಸಿದ್ದೆ. ಉಪ್ಪನ್ನು ಭರಣಿಯಲ್ಲಿ ಕಡಿಮೆ ಮಾಡುವುದು ಅಪಾಯ, ಅದನ್ನು ತಟ್ಟೆಯಲ್ಲಿ ಕಡಿಮೆ ಮಾಡಬೇಕು ಎಂಬುದು ಆಗ ತಿಳಿಯಿತು.

ಹುಳಿಸಾರು ಮಾಡುವಾಗ ನಾವು ಹಂದಿಮಾಂಸದ ಬದಲಿಗೆ ರಾತ್ರಿ ನೆನೆಸಿ ಬೇಯಿಸಿದ ಅರ್ಧ ಬಟ್ಟಲು ಅಲಸಂಡೆ ಬಳಸುತ್ತೇವೆ. ಎರಡು ಆಲೂಗಡ್ಡೆ, ಒಂದು ಗಜ್ಜರಿ, ಒಂದು ಈರುಳ್ಳಿ, ಹತ್ತು ಕಾಳುಮೆಣಸು, ಒಂದು ತಮಾಲಪತ್ರವನ್ನು ಮೊದಲು ಪೂರ್ತಿ ಬೇಯಿಸಬೇಕು. ಆಮೇಲೆಯೇ ಕೋಸು. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಯದೆ ಗಟ್ಟಿಯಾಗಿಯೇ ಉಳಿಯುತ್ತದೆ. ತೊಗರಿಬೇಳೆ ಬೆಂದ ಮೇಲೆ ಹುಣಿಸೆ ಹಾಕುವ ನಮ್ಮ ಹೆಂಗಸರಿಗೆ ಇದನ್ನು ಪೋಲೆಂಡಿನವರು ಕಲಿಸಬೇಕಾಗಿಲ್ಲ. ಜಾಡಿಯ ಕಾಲುಭಾಗ ಕೋಸನ್ನು ಹಾಕಿ ಇಪ್ಪತ್ತು ನಿಮಿಷ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ನಾಲ್ವರಿಗೆ ಸಾಕು. ಬೇರೆ ಉಪ್ಪು ಸರ್ವಥಾ ಬೇಡ.

ಲೆಕ್ಕ ನೋಡಿ. ಜಾಡಿಯ ಕಾಲುಭಾಗದಲ್ಲಿರುವುದು 5 ಗ್ರಾಮ್ ಉಪ್ಪು. ನಾಲ್ವರಲ್ಲಿ ಹಂಚಿದರೆ ತಲೆಗೆ ಒಂದೂಕಾಲು ಗ್ರಾಮ್. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಹೊತ್ತಿನ ಊಟಕ್ಕೆ ಇದು ಮಿತಿಯೊಳಗೇ ಇದೆ, ಜೊತೆಗೆ ಹಪ್ಪಳ ಉಪ್ಪಿನಕಾಯಿಗಳನ್ನು ಇಡದಿದ್ದರೆ. ಇನ್ನೂ ಕಡಿಮೆ ಬೇಕಾದವರು ಕೋಸನ್ನು ತೊಳೆದು ಹಿಂಡಬಹುದು. ಹುಳಿಯ ಒಂದಂಶವೂ ಜೀವಸತ್ವವೂ ಆ ನೀರಿನೊಂದಿಗೆ ಹೋಗುತ್ತವೆ.

ಇದನ್ನು ಸಂಜೀವಿನಿಯೆಂದು ಯಾರೂ ತಿಳಿಯಬಾರದು. ಹುಳಿಬಂದ ಆಹಾರದಲ್ಲಿ ಕರುಳಿಗೆ ಹಿತವಾದ ಜೀವಾಣುಗಳುಂಟೆಂದು ಈಗ ಜಾಹೀರಾತುಗಳು ಸಾರುತ್ತಿವೆ. ಕುದಿಸಿದ ಸಾರಿನಲ್ಲಿ ಅವು ಬದುಕಿರುವುದಿಲ್ಲ. ಉಪ್ಪಿನಲ್ಲಿಟ್ಟ ಪದಾರ್ಥಗಳನ್ನೇ ನಿತ್ಯವೂ ಹೆಚ್ಚಾಗಿ ತಿನ್ನುವವರಲ್ಲಿ ಜಠರದ ಕ್ಯಾನ್ಸರಿನ ಸಂಭವ ಹೆಚ್ಚು ಎಂಬುದನ್ನೂ ಸಂಶೋಧಕರು ಹೇಳಿದ್ದಾರೆ. ಮೂತ್ರಪಿಂಡದ ತೊಂದರೆಯಿದ್ದವರು, ಹೃದಯದ ದೌರ್ಬಲ್ಯವಿದ್ದವರು ತಮ್ಮ ಡಾಕ್ಟರರನ್ನು ಕೇಳದೆ ಮುಟ್ಟಬಾರದು. ನಮ್ಮಲ್ಲಿ ವಾರಕ್ಕೆ ಎರಡು ಸಲ, ಅದೂ ಚಳಿಗಾಲದಲ್ಲಿ ಮಾತ್ರ. ಅಮ್ಮನ ಡಾಕ್ಟರರು ಲೆಕ್ಕ ಕೇಳಿ ಒಪ್ಪಿದ ಮೇಲೆಯೇ ಆರಂಭಿಸಿದೆವು. ಫರ್ಸಾಣದ ಡಬ್ಬವೂ ಆ ದಿನವೇ ಹೊರಬಿತ್ತು. ಈ ವಿಷಯದಲ್ಲಿ ಮಕ್ಕಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಮಾತ್ರೆ ಎಂದಿನಂತೆ ನಡೆದಿದೆ. ಇಳಿದ ತೂಕದಲ್ಲಿ ಎರಡು ಕಿಲೋ ಮರಳಿದೆ. ಅಮ್ಮ ಸಾರನ್ನು ಕುಚ್ಚಲಕ್ಕಿಯ ಗಂಜಿಗೆ ಕಲಸಿಕೊಂಡು ಉಣ್ಣುತ್ತಾರೆ, ತಟ್ಟೆ ಖಾಲಿಯಾಗುತ್ತದೆ. "ಕೋಸಿಗೆ ಸೊಳೆಯ ಪರಿಮಳ ಎಲ್ಲಿ ಬರಬೇಕು," ಎಂದು ಪ್ರತಿ ಸಲವೂ ತಪ್ಪದೆ ಹೇಳುತ್ತಾರೆ, ಆಮೇಲೆ ಇನ್ನೊಂದು ಸೌಟು ಕೇಳುತ್ತಾರೆ. ಈ ವರ್ಷ ಎರಡು ಜಾಡಿ ಹಾಕಿದ್ದೇವೆ. ಒಂದು ಕೆಳಮನೆಯ ಪಂಜಾಬಿ ತಾಯಿಗೆ. ಅವರ ಕಾಂಜಿಯ ಬಾಟಲಿ ಈಗಾಗಲೇ ನಮ್ಮ ಕಿಟಕಿಯ ಬಿಸಿಲಿನಲ್ಲಿ ಕುಳಿತಿದೆ.