ಹಡಗಿಗೆ ಜ್ವರ, ಹೊಲಿಯುವವಳಿಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಕಟ್ಟಿದ ಹಿರಿಯರು ಸಮುದ್ರ ಕಂಡಿದ್ದರೋ ಇಲ್ಲವೋ, ಇಂದಿನ ಜವಳಿ ರಫ್ತಿನ ವ್ಯವಹಾರವನ್ನು ಮಾತ್ರ ಚೆನ್ನಾಗಿಯೇ ಬಣ್ಣಿಸಿದ್ದಾರೆ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಯಲ್ಲಿ ಒಂದು ಹಡಗು ಆರು ದಿನ ಅಡ್ಡ ನಿಂತಿತು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮೊದಲಾಗಿ, ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಹೋಗಬೇಕಾಯಿತು. ಪ್ರಯಾಣಕ್ಕೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯಿತು. ತೊಂದರೆ ಆದದ್ದು ಅಲ್ಲಿ. ಬರೆ ಬಿದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ, ತಿರುಪ್ಪೂರಿನಲ್ಲಿ ಬನಿಯನ್ ಮಾಡಿ ಕಳಿಸುವ ಸಣ್ಣ ವರ್ತಕನಿಗೆ.

“ಸಮುದ್ರದ ಮೇಲಿನ ಮಾತು, ದೈವಾಧೀನ, ಯಾರೇನು ಮಾಡಲಾದೀತು?” ಎಂದು ದೊಡ್ಡವರು ಸಮಾಧಾನ ಹೇಳುತ್ತಾರೆ. ಗಾಳಿ, ಅಲೆ ದೈವಾಧೀನವೆಂದು ಒಪ್ಪೋಣ. ಬಾಡಿಗೆಯ ದರ ಯಾವ ದೈವದ ಅಧೀನ?

ಲೆಕ್ಕವನ್ನೇ ನೋಡೋಣ. ಬೆಂಗಳೂರಿನಲ್ಲಿ ಸಿದ್ಧವಾದ ಉಡುಪು ರಟ್ಟಿನ ಡಬ್ಬಿಗಳಲ್ಲಿ ತುಂಬಿ, ವೈಟ್‌ಫೀಲ್ಡಿನ ಡಿಪೋದಿಂದ ರೈಲಿನಲ್ಲೋ ಅಥವಾ ಲಾರಿಯಲ್ಲೋ ಚೆನ್ನೈ ಬಂದರಿಗೆ ಹೋಗುತ್ತದೆ. ಎಷ್ಟೋ ಸಲ ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಾಗುತ್ತದೆ. ನಲವತ್ತು ಅಡಿಯ ಒಂದು ಕಂಟೇನರಿನಲ್ಲಿ ಇಪ್ಪತ್ತು ಸಾವಿರ ಅಂಗಿ ಹಿಡಿಸಿತೆಂದು ಇಟ್ಟುಕೊಳ್ಳಿ. 2019ರಲ್ಲಿ ಜಗತ್ತಿನ ಮುಖ್ಯ ಮಾರ್ಗಗಳಲ್ಲಿ ಇಂಥ ಕಂಟೇನರೊಂದರ ಸರಾಸರಿ ಬಾಡಿಗೆ ಸುಮಾರು 1,420 ಡಾಲರು. ಅಂಗಿಯೊಂದಕ್ಕೆ ಏಳು ಸೆಂಟು. 2021ರ ಸೆಪ್ಟೆಂಬರಿನಲ್ಲಿ ಅದೇ ಕಂಟೇನರಿಗೆ 10,000 ಡಾಲರು ದಾಟಿತು. ಅಂಗಿಯೊಂದಕ್ಕೆ ಅರ್ಧ ಡಾಲರು. ಇಪ್ಪತ್ತು ಮೂವತ್ತು ಡಾಲರಿಗೆ ಅಂಗಿ ಮಾರುವ ವಿಲಾಯಿತಿ ಅಂಗಡಿಯವನಿಗೆ ಅರ್ಧ ಡಾಲರು ಹೊರಲಾರದ ಹೊರೆಯೇ? ಆದರೆ ಅವನು ಹೊರುವುದಿಲ್ಲ. ಮುಂದಿನ ಆರ್ಡರಿನಲ್ಲಿ ಅಂಗಿಯ ಬೆಲೆಯಿಂದಲೇ ಅದನ್ನು ಕೆತ್ತುತ್ತಾನೆ. ಆ ಬೆಲೆಯಲ್ಲಿ ಬಟ್ಟೆಗೆ, ದಾರಕ್ಕೆ, ಗುಂಡಿಗೆ, ವಿದ್ಯುತ್ತಿಗೆ ಕೊಡುವುದು ಕೊಡಲೇಬೇಕು. ಕೆತ್ತಲು ಉಳಿಯುವುದು ಕೂಲಿಯೊಂದೇ.

ಏರಿದ ಬಾಡಿಗೆ ಎಲ್ಲಿಗೆ ಹೋಯಿತು? ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿ ಒಂದರದೇ 2022ರ ನಿವ್ವಳ ಲಾಭ 2,900 ಕೋಟಿ ಡಾಲರಿಗೂ ಮೇಲು. ಜಗತ್ತಿನ ಕಂಟೇನರ್ ಹಡಗುಗಳ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಹತ್ತೇ ಕಂಪನಿಗಳ ಕೈಯಲ್ಲಿದೆ. ಈ ಹತ್ತರಲ್ಲಿಯೂ ಹಲವರು ಕೂಟ ಕಟ್ಟಿಕೊಂಡು ಒಬ್ಬರ ಹಡಗಿನಲ್ಲಿ ಇನ್ನೊಬ್ಬರ ಸರಕು ಹೇರುತ್ತಾರೆ. 2020ರಲ್ಲಿ ಸರಕು ಕಡಮೆಯಾದಾಗ ಸಂತೆಯ ನ್ಯಾಯದಂತೆ ದರ ಇಳಿಯಬೇಕಿತ್ತು. ಇವರು ಯಾನಗಳನ್ನೇ ರದ್ದು ಮಾಡಿ, ಹಡಗು ಕಟ್ಟಿಹಾಕಿ, ದರ ಹಿಡಿದು ನಿಲ್ಲಿಸಿದರು. ಪೈಪೋಟಿಯೇ ವ್ಯಾಪಾರದ ಧರ್ಮವೆಂದು ನಮ್ಮ ಬೀದಿಯ ಬಟ್ಟೆ ಅಂಗಡಿಯವನಿಗೆ ಉಪದೇಶಿಸುವ ಪಂಡಿತರು ಈ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ!

ಇದು ಹೊಸ ಚಾಳಿಯೂ ಅಲ್ಲ. 1875ರಲ್ಲೇ ಇಂಗ್ಲೆಂಡ್–ಕಲ್ಕತ್ತ ಮಾರ್ಗದ ಹಡಗು ಕಂಪನಿಗಳು ಒಟ್ಟುಗೂಡಿ ದರ ಕಟ್ಟಿದವು. ಎರಡು ವರ್ಷದ ಮೇಲೆ ಮ್ಯಾಂಚೆಸ್ಟರಿನ ಬಟ್ಟೆಯ ಸಾಗಣೆಗೆ ಇನ್ನೊಂದು ಗಾಳ ಹಾಕಿದವು: ನಮ್ಮ ಕೂಟದ ಹಡಗಿನಲ್ಲೇ ಸರಕು ಕಳಿಸುತ್ತಿದ್ದರೆ ಕೊಟ್ಟ ಬಾಡಿಗೆಯ ಒಂದಂಶವನ್ನು ತಿಂಗಳುಗಳ ಮೇಲೆ ಹಿಂದಿರುಗಿಸುತ್ತೇವೆ, ಹೊರಗಿನ ಹಡಗಿಗೆ ಒಂದು ಗಂಟು ಕೊಟ್ಟರೂ ಆ ಹಣ ಮುಳುಗಿತು. ವರ್ತಕನ ಹಣದಿಂದಲೇ ವರ್ತಕನ ಕಾಲಿಗೆ ಹಗ್ಗ.

ಆ ಹಗ್ಗ ಹರಿಯಲು ಹೊರಟವರು ತೂತ್ತುಕುಡಿಯ ವಿ. ಓ. ಚಿದಂಬರಂ ಪಿಳ್ಳೆಯವರು. 1906ರಲ್ಲಿ ಅವರು ಕಟ್ಟಿದ ಸ್ವದೇಶಿ ಹಡಗು ಕಂಪನಿಯನ್ನು ಮುರಿಯಲು ಬ್ರಿಟಿಷ್ ಕಂಪನಿ ಕೊಲಂಬೊ ಪ್ರಯಾಣದ ದರವನ್ನು ಇಳಿಸುತ್ತ ಇಳಿಸುತ್ತ, ಕಡೆಗೆ ಪುಕ್ಕಟೆ ಪ್ರಯಾಣದ ಜೊತೆಗೆ ಕೊಡೆಯನ್ನೂ ಕೊಟ್ಟಿತಂತೆ. ಗಿರಣಿ ಬಂಧುಗಳು ಮುಖ್ಯವಾಗಿ ನೆನೆಯಬೇಕಾದುದು ಬೇರೆ ಇದೆ. 1908ರಲ್ಲಿ ಅದೇ ಊರಿನ ಕೋರಲ್ ಮಿಲ್ಲಿನ ನೂಲುವ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಮುಂದೆ ನಿಂತವರೂ ಇದೇ ಪಿಳ್ಳೆಯವರು. ಮುಷ್ಕರ ಗೆದ್ದಿತು, ಪಿಳ್ಳೆಯವರನ್ನು ಸೆರೆಮನೆಗೆ ತಳ್ಳಿ ಗಾಣ ಎಳೆಸಿದರು. ಹಡಗಿನ ಬಾಡಿಗೆಯೂ ಗಿರಣಿಯ ಕೂಲಿಯೂ ಒಂದೇ ಜಗಳದ ಎರಡು ತುದಿಗಳೆಂದು ಅವರಿಗೆ ತಿಳಿದಿತ್ತು. ದೊರೆಗಳಿಗೂ ತಿಳಿದಿತ್ತು.

ಈಗ ಕರಾರಿನ ಮಾತಿಗೆ ಬರೋಣ. ರಫ್ತಿನ ಉಡುಪು ಬಹುಮಟ್ಟಿಗೆ ಎಫ್.ಓ.ಬಿ. ಕರಾರಿನಲ್ಲಿ ಹೋಗುತ್ತದೆ. ಹಡಗು ಹತ್ತುವ ತನಕ ಹೊಣೆ ಮಾಡಿಕಳಿಸುವವನದು, ಅಲ್ಲಿಂದ ಮುಂದೆ ಬಾಡಿಗೆಯೂ ಹೊಣೆಯೂ ಕೊಳ್ಳುವವನದು. ಕಾಗದದ ಮೇಲೆ ಎಷ್ಟು ನ್ಯಾಯ! ನಡೆಯುವುದು ಹೀಗೆ. ಕೊಳ್ಳುವವನು ಬಣ್ಣ ಒಪ್ಪಲು ಎರಡು ವಾರ ತಡ ಮಾಡುತ್ತಾನೆ, ಹಡಗಿನ ತಾರೀಖು ಮಾತ್ರ ಬದಲಾಯಿಸುವುದಿಲ್ಲ. ಆ ಹಡಗು ತಪ್ಪಿದರೆ ಕಾರ್ಖಾನೆಯವನೇ ಸ್ವಂತ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಬೇಕು. ಸಮುದ್ರದ ಬಾಡಿಗೆಯ ಹಲವು ಪಟ್ಟು. ಇಲ್ಲವೇ ಬಿಲ್ಲಿನಲ್ಲಿ ಕಡಿತ. ಆ ಭಯ ಮಾಲಕನಿಂದ ಮ್ಯಾನೇಜರಿಗೆ, ಮ್ಯಾನೇಜರಿನಿಂದ ಸೂಪರ್‌ವೈಜರನಿಗೆ ಇಳಿದು, ಕಡೆಗೆ ಗಂಟೆಗೆ ಇಷ್ಟು ಕಾಲರ್ ಎಂಬ ಲೆಕ್ಕವಾಗಿ ಹೆಂಗಸಿನ ತಲೆಯ ಮೇಲೆ ಬೀಳುತ್ತದೆ. ನೀರು ಕುಡಿಯಲು ಏಳುವುದಕ್ಕೂ ಅಂಜಿಕೆ. ಹಡಗು ಚೆನ್ನೈನಲ್ಲಿ ಒಂದು ವಾರ ತಡವಾಗಿ ಬಂದರೆ ಅವಳಿಗೆ ಆ ವಾರದ ನಿದ್ದೆಯನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ.

2020ರಲ್ಲಿ ಈ ಕಾಗದದ ಬೆಲೆ ಏನೆಂದು ಲೋಕಕ್ಕೇ ಗೊತ್ತಾಯಿತು. ಹೊಲಿದು ಮುಗಿದ ಮಾಲನ್ನೂ, ಕತ್ತರಿಸಿದ ಬಟ್ಟೆಯನ್ನೂ ಬೇಡವೆಂದರು. ಬಾಂಗ್ಲಾದೇಶವೊಂದರಲ್ಲೇ 300 ಕೋಟಿ ಡಾಲರಿಗೂ ಮೇಲ್ಪಟ್ಟ ಆರ್ಡರು ರದ್ದಾಯಿತು ಅಥವಾ ತಡೆಹಿಡಿಯಲ್ಪಟ್ಟಿತು. ಆ ಜೂನಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಒಂದು ಉಡುಪು ಕಾರ್ಖಾನೆ ಆರ್ಡರು ಇಲ್ಲವೆಂಬ ಕಾರಣ ಹೇಳಿ 1,200ಕ್ಕೂ ಹೆಚ್ಚು ಕೆಲಸಗಾರರನ್ನು ಹೊರಗೆ ನಿಲ್ಲಿಸಿತು. ಬಹುಪಾಲು ಹೆಂಗಸರೇ. ಬಾಗಿಲಲ್ಲಿ ವಾರಗಟ್ಟಲೆ ಧರಣಿ ಕೂತರು.

ಸಣ್ಣ ವರ್ತಕರು ಇದು ಕೂಲಿಯವರ ಗೋಳು ಎಂದು ಪುಟ ತಿರುವಬಾರದು. ದೊಡ್ಡ ಕಂಪನಿಗಳು ವರ್ಷದ ಕರಾರು ಮಾಡಿಕೊಂಡು ಕಡಮೆ ದರಕ್ಕೆ ಜಾಗ ಹಿಡಿಯುತ್ತವೆ. ಇಪ್ಪತ್ತು ಡಬ್ಬಿ ಲುಂಗಿ ಕಳಿಸುವ ನಿಮಗೆ ಆ ದಿನದ ದರವೇ ಗತಿ. ಇನ್ನೊಬ್ಬರ ಸರಕಿನ ಜೊತೆ ಒಂದು ಮೂಲೆ ಸಿಕ್ಕಿದರೆ ಪುಣ್ಯ. ಅದರ ಮೇಲೆ ಬಂದರಿನ ಎತ್ತಿಳಿಸುವ ವೆಚ್ಚ, ಕಾಗದದ ವೆಚ್ಚ, ಇಂಧನದ ಹೆಚ್ಚುವರಿ, ತಡವಾದರೆ ದಿನಬಾಡಿಗೆ. 2021ರಲ್ಲಿ ಹಣ ಹಿಡಿದು ನಿಂತರೂ ಖಾಲಿ ಕಂಟೇನರು ಸಿಗದೆ ಎಷ್ಟು ಗೋದಾಮುಗಳಲ್ಲಿ ಮಾಲು ಕೊಳೆಯಿತೆಂಬುದನ್ನು ನಿಮಗೆ ನಾನು ಹೇಳಬೇಕೆ?

ಸರ್ಕಾರದವರು ಏನು ಮಾಡಿದರು? 1961ರಲ್ಲಿ ಸರ್ಕಾರದ ಎರಡು ಸಂಸ್ಥೆಗಳನ್ನು ಕೂಡಿಸಿ ಭಾರತೀಯ ನೌಕಾ ನಿಗಮ ಕಟ್ಟಿದ್ದು ನಮ್ಮ ಸರಕು ನಮ್ಮ ಹಡಗಿನಲ್ಲಿ ಹೋಗಲೆಂದು. ಸರ್ಕಾರದ್ದೇ ಅಂಕಿ ಕೇಳಿ: ದೇಶದ ಸಮುದ್ರ ವ್ಯಾಪಾರದಲ್ಲಿ ನಮ್ಮ ಹಡಗುಗಳ ಪಾಲು 1987-88ರಲ್ಲಿ ನೂರಕ್ಕೆ 40.7, 2018-19ರಲ್ಲಿ ಸುಮಾರು 7.8. ಆ ವರ್ಷ ವಿದೇಶಿ ಹಡಗುಗಳಿಗೆ ತೆತ್ತ ಬಾಡಿಗೆ ಸುಮಾರು 5,300 ಕೋಟಿ ಡಾಲರು. ಇಷ್ಟು ಬರೆದುಕೊಂಡವರು 2019ರಲ್ಲಿ ಆ ನಿಗಮವನ್ನೇ ಮಾರಲು ಒಪ್ಪಿಗೆ ಕೊಟ್ಟರು! ಮನೆಗೆ ಬೆಂಕಿ ಬಿದ್ದಾಗ ಕೊಡ ಮಾರಿದ ಜಾಣರು. 2021ರಲ್ಲಿ 1,624 ಕೋಟಿ ರೂಪಾಯಿ ಸಹಾಯಧನ ಸಾರಿದರಾದರೂ, ಅದನ್ನು ಐದು ವರ್ಷಕ್ಕೆ ಹಂಚಿ ಬಾಡಿಗೆಯ ಪಕ್ಕಕ್ಕೆ ಇಟ್ಟು ನೋಡಿ.

ನಿಗಮಕ್ಕೆ ಕಂಟೇನರ್ ಹಡಗು ಕೊಡಿಸಿ, ಸಣ್ಣ ವರ್ತಕರಿಗೆ ಗೊತ್ತಾದ ದರದಲ್ಲಿ ಜಾಗ ಮೀಸಲಿಡಬೇಕು. ಬಂದರಿನ ಎಲ್ಲ ವೆಚ್ಚಗಳನ್ನೂ ಮುಂದಾಗಿ ಪ್ರಕಟಿಸಬೇಕು. ಕೊಳ್ಳುವವನ ತಡಕ್ಕೆ, ಹಡಗಿನ ತಡಕ್ಕೆ ಕಾರ್ಖಾನೆಯಿಂದ ದಂಡ ಕೀಳುವ ಕರಾರು ಕಾನೂನಿನಲ್ಲಿ ನಿಲ್ಲಬಾರದು. ಇದು ದಿಲ್ಲಿಗೆ ಕೇಳಿಸುವವರೆಗೆ ಕಾಯಬೇಕಾಗಿಲ್ಲ. “ಹಡಗು ತಪ್ಪುತ್ತದೆ, ಕೂತು ಮುಗಿಸಿರಿ” ಎಂದು ಮುಂದಿನ ಸಲ ಮೇಸ್ತ್ರಿ ಹೇಳಿದಾಗ ಸಂಘದವರು ಎದ್ದು ಕೇಳಲಿ: ಯಾವ ಹಡಗು? ಯಾವ ತಾರೀಖು? ತಡಕ್ಕೆ ಯಾರು ಕಾರಣರೆಂದು ಬರೆದ ಕಾಗದ ಎಲ್ಲಿದೆ, ತೋರಿಸಿ. ಕೂತು ಮುಗಿಸಿದರೆ ಕಾಯಿದೆಯಂತೆ ಇಮ್ಮಡಿ ಕೂಲಿ ಇದೇ ಸಂಬಳದಲ್ಲಿ ಬರುತ್ತದೆಯೋ ಇಲ್ಲವೋ?