ಆ 195 ಮಂದಿ ಏನಾದರು, ದಾರ್ ಸಾಹೇಬರೇ?

ಮುಗಿಯಿತಂತೆ! 1971ರ ಬಾಂಗ್ಲಾ ವಿಮೋಚನಾ ಯುದ್ಧದ ಹತ್ಯೆಗಳ ವಿಷಯ ಒಮ್ಮೆಯಲ್ಲ, ಎರಡು ಸಲ ಇತ್ಯರ್ಥವಾಗಿದೆಯಂತೆ. 2025ರ ಆಗಸ್ಟ್‌ನಲ್ಲಿ ಢಾಕಾಕ್ಕೆ ಬಂದ ಪಾಕಿಸ್ತಾನದ ಉಪಪ್ರಧಾನಿ ಇಶಾಕ್ ದಾರ್ ಹೀಗೆಂದು ತಾವೇ ತೀರ್ಪು ಕೊಟ್ಟುಕೊಂಡರು. ಸಾಲದ್ದಕ್ಕೆ, ಧರ್ಮದ ಹೆಸರೆತ್ತಿ ಹೃದಯ ಶುದ್ಧ ಮಾಡಿಕೊಳ್ಳಿ ಎಂಬ ಉಪದೇಶ ಬೇರೆ. ಕೊಂದವರ ಕಡೆಯವರು ಸತ್ತವರ ಮನೆಗೆ ಬಂದು ಮನಸ್ಸು ತೊಳೆದುಕೊಳ್ಳಿ ಎನ್ನುವುದು! ಭಂಡತನಕ್ಕೂ ಒಂದು ಮಿತಿ ಬೇಡವೇ?

ದಾರ್ ಮುಂದಿಡುವ ಮೊದಲ ಸಾಕ್ಷಿ 1974ರ ದೆಹಲಿ ತ್ರಿಪಕ್ಷೀಯ ಒಪ್ಪಂದ. ಸರಿ, ಅದನ್ನೇ ನೋಡೋಣ. ಆ ಯುದ್ಧದಲ್ಲಿ ಸೆರೆಸಿಕ್ಕ 93,000 ಪಾಕಿಸ್ತಾನೀಯರ ಪೈಕಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆಗೆ ಒಳಪಡಿಸಬೇಕೆಂದು ಬಾಂಗ್ಲಾದೇಶ ಪಟ್ಟು ಹಿಡಿದಿತ್ತು. ಆಗಷ್ಟೇ ಹುಟ್ಟಿದ ಬಡದೇಶ. ಪಾಕಿಸ್ತಾನದ ಗೆಳೆಯ ಚೀನಾ ವೀಟೊ ಚಲಾಯಿಸಿ ವಿಶ್ವಸಂಸ್ಥೆಯ ಬಾಗಿಲನ್ನೂ ಮುಚ್ಚಿತ್ತು. ಕೊನೆಗೆ ಢಾಕಾ ದಯೆ ತೋರಿ ಆ 195 ಮಂದಿಯನ್ನೂ ಬಿಟ್ಟಿತು. ಅಲ್ಲಿರುವುದು ಬಾಂಗ್ಲಾದೇಶದ ದೊಡ್ಡತನ. ಪಾಕಿಸ್ತಾನ ಕೊಟ್ಟದ್ದು ವಿಷಾದದ ಒಂದು ಸಾಲು. ಊರಿಗೆ ಮರಳಿದ 195 ಮಂದಿಯಲ್ಲಿ ಇಸ್ಲಾಮಾಬಾದ್ ಎಷ್ಟು ಮಂದಿಯನ್ನು ಕಟಕಟೆಗೆ ಹತ್ತಿಸಿತು? ಒಬ್ಬನನ್ನೂ ಇಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದ ಮೇಲೆ ಸೈನ್ಯ ನುಗ್ಗಿಸಿದ ಟಿಕ್ಕಾ ಖಾನ್ 1972ರಲ್ಲೇ ಸೇನಾ ಮುಖ್ಯಸ್ಥರಾಗಿ ಬಡ್ತಿ ಪಡೆದಾಗಿತ್ತು! ಅಪರಾಧಿಗೆ ಬಿಡುಗಡೆ, ಸೇನಾನಿಗೆ ಬಡ್ತಿ. ಇದಕ್ಕೆ ಇತ್ಯರ್ಥ ಎಂದು ಹೆಸರು.

ಎರಡನೆಯ ಸಾಕ್ಷಿ ಇನ್ನೂ ಸೊಗಸು. 2002ರಲ್ಲಿ ಪಾಕಿಸ್ತಾನದ ಅಂದಿನ ಅಧ್ಯಕ್ಷ ಮುಷರಫ್ ಢಾಕಾ ಬಳಿಯ ಸಾವರ್ ಹುತಾತ್ಮರ ಸ್ಮಾರಕದ ಸಂದರ್ಶಕರ ಪುಸ್ತಕದಲ್ಲಿ 'ಅತಿರೇಕ'ಗಳಿಗಾಗಿ ವಿಷಾದ ಬರೆದು ಹೋದರು. ಢಾಕಾ ವಿಶ್ವವಿದ್ಯಾಲಯದ ಜಗನ್ನಾಥ ಹಾಲ್‌ನ ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದದ್ದು, ಸೋಲು ಖಚಿತವಾದ ಮೇಲೆ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರನ್ನು ಮನೆಮನೆಯಿಂದ ಎಳೆದೊಯ್ದು ಕೊಂದು ಢಾಕಾದ ರಾಯೆರ್‌ಬಜಾರ್‌ನಲ್ಲಿ ಎಸೆದದ್ದು ಬರೀ ಅತಿರೇಕ! ಆ ಪ್ರಾಧ್ಯಾಪಕರ ನಾಡಿಗೆ ದಾರ್ 500 ವಿದ್ಯಾರ್ಥಿವೇತನ ತಂದರು. ಕೈಮುಗಿಯಬೇಕು.

ಪಾಕಿಸ್ತಾನಿ ಸೇನೆಯ ಮನಸ್ಸು ಕರಗಿದೆ ಎನ್ನುವವರು 2022ರ ನವೆಂಬರ್‌ನಲ್ಲಿ ಅದರ ಮುಖ್ಯಸ್ಥ ಜನರಲ್ ಬಾಜ್ವಾ ನಿವೃತ್ತಿಗೆ ಮುನ್ನ ಆಡಿದ ಮಾತು ನೆನೆಯಲಿ. ಪೂರ್ವ ಪಾಕಿಸ್ತಾನದ್ದು (ಇಂದಿನ ಬಾಂಗ್ಲಾದೇಶ) ಸೇನೆಯ ಸೋಲಲ್ಲ, ರಾಜಕೀಯದ ಸೋಲು ಎಂದರು ಅವರು. ಆಗ ದೇಶ ಆಳುತ್ತಿದ್ದವರೇ ಜನರಲ್ ಯಾಹ್ಯಾ ಖಾನ್. ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದೆಂದರೆ ಇದೇ. ಶರಣಾದವರು ಅಷ್ಟೊಂದಿಲ್ಲ, ಸೈನಿಕರು 34,000 ಮಾತ್ರ ಎಂದೂ ತಿದ್ದಿದರು. ತಮ್ಮವರನ್ನು ಎಣಿಸಲು ಇಷ್ಟು ಶ್ರದ್ಧೆ ಇರುವವರು ಆ 195ನ್ನು ಮಾತ್ರ ಮರೆತುಬಿಡುತ್ತಾರೆ.

ಮುಗಿಯಿತು ಎನ್ನುವ ಈ ಧೈರ್ಯ ಪಾಕಿಸ್ತಾನಕ್ಕೆ ಬಂದದ್ದಾದರೂ ಎಲ್ಲಿಂದ? ಅರ್ಧ ಪಾಲು ಬಾಂಗ್ಲಾದೇಶದ ಮಾಜಿ ಪ್ರಧಾನಿ ಶೇಖ್ ಹಸೀನಾ ಅವರದು. ವಿಮೋಚನಾ ಯುದ್ಧವನ್ನು ಅಪ್ಪನ ಮನೆಯ ಆಸ್ತಿಯಂತೆ ಬಳಸಿ, ಉದ್ಯೋಗ ಕೇಳಿದ ಹುಡುಗರನ್ನೆಲ್ಲ 2024ರಲ್ಲಿ ರಜಾಕಾರರ, ಅಂದರೆ 1971ರಲ್ಲಿ ಪಾಕ್ ಸೇನೆಗೆ ಕೈಜೋಡಿಸಿದವರ, ಸಾಲಿಗೆ ಸೇರಿಸಿದರು. ಸತ್ತವರ ಹೆಸರಿನಲ್ಲಿ ಕುರ್ಚಿ ಕಾಯ್ದುಕೊಳ್ಳುವ ಈ ರೋಗ ನಮ್ಮ ಉಪಖಂಡದ ಎಲ್ಲ ಪಕ್ಷಗಳಿಗೂ ಅಂಟಿದೆ. ಇಲ್ಲಿ ಭಾರತದಲ್ಲೂ ಡಿಸೆಂಬರ್ 16 ಬಂದರೆ ಪಾಕ್ ಸೇನೆಯ ಶರಣಾಗತಿಯ ಫೋಟೊಗೆ ಹಾರ ಹಾಕುತ್ತಾರೆ. ಆ ಯುದ್ಧದಲ್ಲಿ ಮಾನ, ಪ್ರಾಣ ಕಳೆದುಕೊಂಡ ಹೆಂಗಸರ ನೆನಪು ಯಾರಿಗಿದೆ? ಹಸೀನಾ ಮೇಲಿನ ಸಿಟ್ಟಿಗೆ ಇಸ್ಲಾಮಾಬಾದನ್ನು ತಬ್ಬಿಕೊಳ್ಳುವ ಢಾಕಾದ ಜಾಣರು ಒಂದು ಮಾತು ತಿಳಿಯಲಿ: ಕೊಲೆಯಾದದ್ದು ಒಂದು ಪಕ್ಷದ ಜನರಲ್ಲ, ನಿಮ್ಮದೇ ಜನ.

ಕರಾಚಿಯಿಂದ ಚಿತ್ತಗಾಂಗ್‌ಗೆ ಹಡಗು ಬರಲಿ, ವ್ಯಾಪಾರ ನಡೆಯಲಿ, ಯಾರು ಬೇಡವೆಂದರು? ಆದರೆ ಧರ್ಮಬಾಂಧವ್ಯದ ಹೆಸರಿನಲ್ಲಿ ಕ್ಷಮೆಯನ್ನು ಪುಕ್ಕಟೆ ಕೇಳಬೇಡಿ. ಸತ್ತವರಲ್ಲಿ ಮುಸ್ಲಿಮರಿಗೇನು ಕಡಿಮೆಯಿತ್ತೇ? ಪಾಕಿಸ್ತಾನದ ಸಂಸತ್ತಿನಲ್ಲಿ ಕ್ಷಮಾಪಣೆಯ ನಿರ್ಣಯ ತನ್ನಿ. ಕಷ್ಟದ ಕೆಲಸವೇನಲ್ಲ. 2013ರ ಡಿಸೆಂಬರ್ 12ರಂದು ಯುದ್ಧಾಪರಾಧಿ ಅಬ್ದುಲ್ ಕಾದರ್ ಮೊಲ್ಲಾನನ್ನು ಬಾಂಗ್ಲಾದೇಶ ಗಲ್ಲಿಗೇರಿಸಿದಾಗ ಇದೇ ಸಂಸತ್ತು ನಾಲ್ಕೇ ದಿನದಲ್ಲಿ ಕಳವಳದ ನಿರ್ಣಯ ಅಂಗೀಕರಿಸಿತ್ತು. ಕೊಂದವನಿಗಾಗಿ ನಾಲ್ಕು ದಿನ ಸಾಕಾದವರಿಗೆ, ಸತ್ತವರಿಗಾಗಿ ಅರ್ಧ ಶತಮಾನವೂ ಸಾಲಲಿಲ್ಲ.