ಕೊಯ್ದಷ್ಟೂ ಅರಳುವ ಬಳ್ಳಿ



ಮಾಘ ಮಾಸದ ಒಂದು ಪ್ರಾತಃಕಾಲ ಸಿಂಧನೂರು ತಾಲೂಕಿನ ಸಾಲಗುಂದದಲ್ಲಿ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಅಂಗಳದಲ್ಲಿ ತೊಗರಿ ಕಟ್ಟಿಗೆಗಳ ಆಸರೆಗೆ ಹಬ್ಬಿದ್ದ ಬಳ್ಳಿಯೊಂದು ನಮ್ಮ ಹೆಜ್ಜೆಯನ್ನು ತಡೆಯಿತು. ಬಿಳಿ, ಗುಲಾಬಿ, ನೇರಳೆ ವರ್ಣದ ಹೂಗಳು. ಚಿಟ್ಟೆಯ ರೆಕ್ಕೆಯಂಥ ಎಸಳುಗಳು. ಜೇನನ್ನು ನೆನಪಿಗೆ ತರುವ ಪರಿಮಳ. ಅದು ಬಟಾಣಿಯ ಬಳಗಕ್ಕೆ ಸೇರಿದ ಸ್ವೀಟ್ ಪೀ ಎಂಬ ಹೂಬಳ್ಳಿ.

ನಮಗೆ ಸಂತೋಷದೊಡನೆ ಸಂಕೋಚವೂ ಆಯಿತು. ಹಿಂದಿನ ವರ್ಷ ನಾವೂ ಅದೇ ಬೀಜವನ್ನು ಬಿತ್ತಿದ್ದೆವು. ಮೊದಲ ಹೂಗಳನ್ನು ಕಂಡಾಗ ಅವನ್ನು ಕೊಯ್ಯಲು ಮನಸ್ಸು ಒಪ್ಪಲಿಲ್ಲ. ಬಳ್ಳಿಯಲ್ಲಿಯೇ ಇರಲಿ ಎಂದು ಬಿಟ್ಟೆವು. ಮೂರು ವಾರಗಳಲ್ಲಿ ಬಳ್ಳಿಯ ತುಂಬ ಕಾಯಿ ಕಟ್ಟಿ, ಹೊಸ ಮೊಗ್ಗು ಬರುವುದು ನಿಂತೇ ಹೋಯಿತು. ನಾವು ಬಿಸಿಲನ್ನು ದೂರಿದೆವು, ಎರೆಮಣ್ಣನ್ನು ದೂರಿದೆವು. ಈ ಕಥೆಯನ್ನು ಕೇಳಿ ಆ ಮನೆಯ ತಾಯಿ ನಗುತ್ತ ಹೇಳಿದರು: “ಹೂ ಹಂಗ ಬಿಟ್ರ ಬಳ್ಳಿ ನಿಂತ ಹೋಗ್ತದ್ರಿ ಅಜ್ಜಾರ. ದಿನಾ ಹರೀಬೇಕ್ರಿ.”

ಆ ತಾಯಿಯ ಮಾತು ಸತ್ಯ. ಬಳ್ಳಿಯ ಪಾಲಿಗೆ ಹೂವು ಸಾಧನ ಮಾತ್ರ, ಬೀಜವೇ ಗುರಿ. ಕಾಯಿ ಬಲಿತೊಡನೆ ತನ್ನ ಕಾಯಕ ಮುಗಿಯಿತೆಂದು ಅದು ವಿರಮಿಸುತ್ತದೆ. ಹೂವನ್ನು ಕೊಯ್ದರೆ ಮತ್ತೆ ಮತ್ತೆ ಮೊಗ್ಗು ತಳೆಯುತ್ತದೆ. ಕೊಯ್ಯದಿರುವುದೇ ದಯೆಯೆಂದು ನಾವು ಭಾವಿಸಿದ್ದೆವು. ಬಳ್ಳಿಗೆ ಬೇಕಾಗಿದ್ದುದು ಕೊಡುವ ಅವಕಾಶ.

ಈ ಬಳ್ಳಿ ಲೋಕಕ್ಕೆ ಹರಡಿದ್ದೂ ಕೊಡುಗೆಯಿಂದಲೇ. ಇದರ ಮೂಲ ಇಟಲಿಯ ಸಿಸಿಲಿ ಸೀಮೆ. ಅಲ್ಲಿನ ಫ್ರಾನ್ಸಿಸ್ಕನ್ ಸನ್ಯಾಸಿ ಫ್ರಾಂಚೆಸ್ಕೊ ಕುಪಾನಿ 1699ರಲ್ಲಿ ಇದರ ಬೀಜಗಳನ್ನು ಇಂಗ್ಲೆಂಡಿಗೆ ಕಳುಹಿಸಿದರೆಂದು ಉದ್ಯಾನ ಚರಿತ್ರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆನ್ರಿ ಎಕ್‌ಫರ್ಡ್ ಎಂಬ ತೋಟಗಾರರು ಇದರ ಅನೇಕ ಹೊಸ ತಳಿಗಳನ್ನು ಬೆಳೆಸಿದರು.

ತಂಪು ನಾಡಿನ ಈ ಬಳ್ಳಿಗೆ ನಮ್ಮ ರಾಯಚೂರು ಸೀಮೆಯಲ್ಲಿ ಚಳಿಗಾಲವೊಂದೇ ಆಶ್ರಯ. ಆದ್ದರಿಂದ ಮಹಾನವಮಿ ಕಳೆದು ದೀಪಾವಳಿಯೊಳಗೆ ಬಿತ್ತನೆ ಮುಗಿಸಬೇಕು. ಬೇಗ ಹೂಬಿಡುವ ತಳಿಯ ಬೀಜವೇ ನಮಗೆ ಲೇಸು. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಸಿ, 1 ಅಂಗುಲ ಆಳದಲ್ಲಿ, 6 ಅಂಗುಲಕ್ಕೊಂದರಂತೆ ಊರಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಸ್ಥಳ ಉತ್ತಮ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ನಮಗೆ ಧಾರಾಳವಾಗಿ ನೀರುಣಿಸುವ ಅಭ್ಯಾಸವುಂಟು. ಭತ್ತಕ್ಕೆ ಒಪ್ಪುವ ಆ ಉಪಚಾರ ಈ ಬಳ್ಳಿಗೆ ಮೃತ್ಯು. ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುತ್ತದೆ. ಮರಳನ್ನೂ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ, ಮಡಿಯನ್ನು ಅರ್ಧ ಅಡಿ ಎತ್ತರಿಸಿ ಬಿತ್ತಬೇಕು. ಮಣ್ಣಿನಲ್ಲಿ ತೇವವಿರಬೇಕು, ನೀರು ನಿಲ್ಲಬಾರದು. ಯೂರಿಯಾ ಬೇಡ, ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ತಾವೇ ಹಿಡಿದುಕೊಡುತ್ತವೆ. ಹೆಚ್ಚಾದ ಗೊಬ್ಬರದಿಂದ ಎಲೆ ಸೊಂಪಾಗುವುದೇ ಹೊರತು ಹೂವು ಹೆಚ್ಚುವುದಿಲ್ಲ.

ಸಸಿ ನಾಲ್ಕೈದು ಅಂಗುಲವಾದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಬಳ್ಳಿಗೆ ಹಬ್ಬಲು 5–6 ಅಡಿಯ ಆಸರೆ ಬೇಕು. ಹತ್ತಿ, ತೊಗರಿ ಕಟ್ಟಿಗೆಗಳು ನಮ್ಮ ಹೊಲದಲ್ಲಿಯೇ ದೊರೆಯುತ್ತವೆ. ಎಳೆಯ ಕುಡಿಗೆ ಹೇನು ಮುತ್ತಿದರೆ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಬಹುದು.

ಇನ್ನೊಂದು ಮಾತನ್ನು ತಾಯಂದಿರು ಮರೆಯಬಾರದು. ಇದರ ಕಾಯಿ ನೋಡಲು ಬಟಾಣಿಯಂತೆಯೇ ಇರುತ್ತದೆ, ಆದರೆ ತಿನ್ನತಕ್ಕದ್ದಲ್ಲ, ಬೀಜದಲ್ಲಿ ವಿಷಾಂಶವಿದೆ. ಕಾಲುಗಳ ಬಲವನ್ನು ಕಸಿಯುವ ಅಪಖ್ಯಾತಿಯ ಕೇಸರಿಬೇಳೆಯೂ ಇದೇ ಕುಲದ್ದು. ಬೀಜದ ಪೊಟ್ಟಣ ಅಡುಗೆಮನೆಯಲ್ಲಿ ಇರಕೂಡದು. ಕಾಯಿ ಕಟ್ಟದಂತೆ ನಿತ್ಯ ಹೂ ಕೊಯ್ಯುವುದು ಮಕ್ಕಳಿರುವ ಮನೆಗೆ ರಕ್ಷೆಯೂ ಹೌದು.

ಶಿವರಾತ್ರಿ ಕಳೆದು ಬಿಸಿಲೇರಿದಂತೆ ಬಳ್ಳಿ ಬಾಡುತ್ತದೆ. ಮರುವರ್ಷದ ಬೀಜಕ್ಕೆಂದು ಒಂದೇ ಒಂದು ಬಳ್ಳಿಯನ್ನು ಉಳಿಸಿ, ಮಿಕ್ಕವನ್ನು ಬುಡದಲ್ಲಿ ಕತ್ತರಿಸಿ, ಬೇರನ್ನು ಮಣ್ಣಿನಲ್ಲಿಯೇ ಬಿಡಬೇಕು. ಅದು ಮುಂದಿನ ಗಿಡಕ್ಕೆ ಸಾರ. ಮುಂಗಾರಿನಲ್ಲಿ ಅದೇ ಆಸರೆಗೆ ನಮ್ಮ ನೆಲದ್ದೇ ಆದ ಶಂಖಪುಷ್ಪವನ್ನು ಹಬ್ಬಿಸಬಹುದು. ಅದೂ ಇದೇ ಬಳಗದ್ದು, ಬಿಸಿಲಿಗೆ ಅಂಜದು.

ನಾವು ಹೊರಟಾಗ ಆ ತಾಯಿ ಬಳ್ಳಿಯಲ್ಲಿದ್ದ ಹೂಗಳನ್ನೆಲ್ಲ ಬಿಡಿಸಿ, ಒಂದು ಪಾಲನ್ನು ಪೂಜೆಗೆ ಇರಿಸಿ, ಒಂದು ಪಾಲನ್ನು ನೆರೆಮನೆಯ ಮಗುವಿಗೆ ಕೊಟ್ಟು, ಉಳಿದುದನ್ನು ನಮ್ಮ ಕೈಗಿತ್ತರು. “ಬಳ್ಳಿ ಬರಿದಾಯಿತಲ್ಲವ್ವಾ” ಎಂದೆವು. “ನಾಡದ ಬಂದ ನೋಡ್ರಿ” ಎಂದರು. ದಾಸೋಹವನ್ನು ಕುರಿತು ನಾವು ಎಷ್ಟೋ ಉಪನ್ಯಾಸಗಳನ್ನು ಮಾಡಿದ್ದೇವೆ. ಅಂದು ಆ ಅಂಗಳದಲ್ಲಿ ಕೇಳುಗರಾಗಿ ನಿಂತೆವು.

ನಿಮ್ಮ ಅಂಗಳವೂ ಅರಳಲಿ. ಸರ್ವರಿಗೂ ಶುಭವಾಗಲಿ.